ಗುಲಾಬಿಯಾಗಿಯೇ ಉಳಿದ ಬಾಟಲಿ

“ಅಡುಗೆಭಟ್ರೇ, ಗೆದ್ದೆ ಕಣ್ರೀ!”

ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳಿಗೆ ಪೋಷಕ ದ್ರವ ಬೆರೆಸಿಕೊಡುವವನಿಗೆ ಆ ಅಡ್ಡಹೆಸರಿಟ್ಟವಳು ಈ ಸಂಶೋಧಕಿಯೇ. ಈಗ ಅವಳು ಬಾಟಲಿಯೊಂದನ್ನು ಕಿಟಕಿಯ ಬಿಸಿಲಿಗೆ ಹಿಡಿದಿದ್ದಳು. ಅದರ ಗುಲಾಬಿ ಬಣ್ಣ ಅವಳ ಕೆನ್ನೆಗೂ ಒಂದಿಷ್ಟು ಹತ್ತಿತ್ತು.

“ಎಲ್ಲಿ ನೋಡ್ತಿದೀರಾ?”

“ಬಣ್ಣಾನೇ ಮೇಡಂ.”

ಅವಳು ಬಾಯ್ತುಂಬ ನಕ್ಕಳು. ಮೂರು ವರ್ಷದಲ್ಲಿ ಅವನು ಆ ನಗು ನೋಡಿದ್ದು ಇದೇ ಮೊದಲು.

ಆ ಕೋಶಗಳದು ಅವಸರದ ಬಾಳು. ಬೇಕಾದಷ್ಟು ಆಮ್ಲಜನಕವಿದ್ದರೂ ಸಕ್ಕರೆಯನ್ನು ಪೂರ್ತಿ ಉರಿಸದೆ ಗಬಗಬ ಮುಕ್ಕುತ್ತವೆ, ಸುತ್ತ ಹುಳಿ ಉಗುಳುತ್ತವೆ, ಪಕ್ಕದವರ ಜಾಗಕ್ಕೆ ತೆವಳುತ್ತವೆ. ಆ ಹುಳಿಗೆ ಗುಲಾಬಿ ದ್ರವ ಹಳದಿಯಾಗುತ್ತದೆ. ಅವಳ ಹೊಸ ಮದ್ದು ಬಿದ್ದ ಬಾಟಲಿ ಮಾತ್ರ ನಾಲ್ಕು ದಿನವಾದರೂ ಗುಲಾಬಿಯಾಗಿಯೇ ಇತ್ತು; ಕೋಶಗಳು ತೆಪ್ಪಗೆ ಕೂತಿದ್ದವು.

“ಹನ್ನೊಂದಕ್ಕೆ ಗುರುಗಳಿಗೆ ತೋರಿಸ್ತೀನಿ. ಅಮ್ಮಂಗೆ ಫೋನಲ್ಲಿ ಹೇಳಿದ್ರೆ, ‘ಇನ್ನಾದ್ರೂ ಕೂತ್ಕೊಂಡು ಊಟ ಮಾಡ್ತೀಯೇನೇ?’ ಅಂದ್ಲು.”

ಅವನು ನಗುತ್ತಲೇ ತನ್ನ ಕೋಣೆಗೆ ಬಂದ. ಜಾಡಿಯಿಂದ ಸಕ್ಕರೆ ತೆಗೆದಾಗಲೆಲ್ಲ ಅದಕ್ಕಂಟಿಸಿದ ಪಟ್ಟಿಯ ಮೇಲೆ ಗೆರೆ ಎಳೆದು ತಾರೀಖು ಬರೆಯುವುದು ಅವನ ಅಭ್ಯಾಸ. ಮದ್ದಿನ ಬಾಟಲಿಗೆಂದು ಹೊಸ ದ್ರವ ಬೆರೆಸಿದ ದಿನದ ತಾರೀಖು ಗ್ಲೂಕೋಸ್ ಜಾಡಿಯ ಮೇಲಿರಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಸಕ್ಕರೆ, ಗ್ಯಾಲಕ್ಟೋಸ್ ಜಾಡಿಯ ಮೇಲಿತ್ತು.

ಜಾಡಿ ಅದಲುಬದಲಾಗಿತ್ತು. ಅದೂ ಬಿಳಿ ಪುಡಿಯೇ. ಆದರೆ ಆ ಸಕ್ಕರೆಯನ್ನು ಕೋಶಗಳು ಗಬಗಬ ಮುಕ್ಕಲಾರವು. ಉಸಿರಾಡಿ ನಿಧಾನವಾಗಿಯೇ ಅರಗಿಸಿಕೊಳ್ಳಬೇಕು. ಹಾಗಾದರೆ ಅವನ್ನು ತೆಪ್ಪಗಾಗಿಸಿದ್ದು ಮದ್ದೋ, ಸಕ್ಕರೆಯೋ?

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಜಾಡಿಯನ್ನು ಅವಳ ಮೇಜಿನ ಮೇಲಿಟ್ಟು ಎಲ್ಲ ಹೇಳಿದ.

ಅವಳ ಮುಖದ ನಗು ಮೆಲ್ಲಗೆ ಇಳಿಯಿತು. ಜಾಡಿಯನ್ನೆತ್ತಿ ಆ ತಾರೀಖು ಓದಿದಳು.

“ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.”

“ಹೌದು. ನಿಮ್ಮ ನಗು ಇನ್ನೊಂಚೂರು ಹೊತ್ತು ಇರ್ಲಿ ಅಂತ ಎರಡು ಸಲ ಬಾಗಿಲವರೆಗೂ ಬಂದು ವಾಪಸ್ ಹೋದೆ.”

“ಮೂರನೇ ಸಲ ಯಾಕೆ ಬಂದ್ರಿ?”

“ಸುಳ್ಳನ್ನ ನಂಬಿ ನೀವು ನಗೋದು ನೋಡೋಕಾಗ್ಲಿಲ್ಲ.”

ಅವಳು ಕಣ್ಣೊರೆಸಿಕೊಂಡು ಗುರುಗಳಿಗೆ ಫೋನ್ ಮಾಡಿದಳು. “ಸರ್, ಇವತ್ತು ಬೇಡ. ಮೊದಲಿಂದ ಮಾಡ್ಬೇಕು.”

ಒಂದು ವಾರ ಅವಳ ಬಾಯಲ್ಲಿ ‘ಅಡುಗೆಭಟ್ರೇ’ ಎಂಬ ಮಾತಿಲ್ಲ. ಬರೀ ಚೀಟಿಗಳು: ಇಷ್ಟು ಗ್ಲೂಕೋಸ್, ಇಷ್ಟು ಗ್ಯಾಲಕ್ಟೋಸ್. ಪ್ರತಿ ಚೀಟಿಯನ್ನೂ ಅವನು ನಾಲ್ಕು ಸಲ ಓದಿ ತೂಗಿದ.

ಎಂಟನೆಯ ದಿನ ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಅವನ ಕೋಣೆಗೇ ಬಂದಳು.

“ಮದ್ದು ಕೈಕೊಡ್ತು. ಗ್ಲೂಕೋಸ್ ಸಿಕ್ಕಿದ್ದೇ ತಡ, ಎಲ್ಲಾ ಹಳದಿ. ಆದ್ರೆ ನಿಮ್ಮ ತಪ್ಪು ಸಕ್ಕರೆ ಇದೆಯಲ್ಲ, ಅದ್ರಲ್ಲಿ ಮದ್ದಿಲ್ದೇನೇ ತೆವಳೋದು ಕಮ್ಮಿಯಾಗಿದೆ. ತಿನ್ನೋ ರೀತಿ ಬದಲಾದ್ರೆ ನಡೆಯೋ ರೀತೀನೂ ಬದಲಾಗುತ್ತಾ? ಈಗ ಅದನ್ನ ಹುಡುಕ್ಬೇಕು.”

“ಎಷ್ಟು ದಿನ ಬೇಕು?”

“ವರ್ಷಗಳೇ.” ಅವಳು ಸ್ಟೂಲ್ ಎಳೆದು ಕೂತಳು. ಸದಾ ನಿಂತೇ ನಾಲ್ಕು ತುತ್ತು ನುಂಗಿ ಓಡುವವಳು, ಇವತ್ತು ಡಬ್ಬಿಯ ಮುಚ್ಚಳದಲ್ಲಿ ಅವನಿಗೂ ಬಡಿಸಿದಳು. “ಇನ್ಮೇಲೆ ಇಬ್ರೂ ಸೇರೇ ತೂಗೋಣ.”

“ಎಲ್ಲಿವರೆಗೆ?”

“ಈ ಜಾಡಿ ಖಾಲಿಯಾಗೋವರೆಗೆ.”

“ಖಾಲಿಯಾದ್ಮೇಲೆ?”

ಅವನ ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದುಕೊಂಡು ಅವಳು ಜಾಡಿಯ ಪಟ್ಟಿಯ ಮೇಲೆ ಅವನ ಗೆರೆಯ ಪಕ್ಕದಲ್ಲೇ ತನ್ನದೊಂದು ಗೆರೆ ಎಳೆದಳು. ಆಮೇಲೆ ಬಾಯ್ತುಂಬ ನಕ್ಕಳು.

“ಅಡುಗೆಭಟ್ರೇ, ಹೊಸ ಜಾಡಿ ತರ್ಸೋದು ಯಾರ ಕೆಲ್ಸ ರೀ?”