ಕುಕ್ಕರ್ ಕೂಗಿದರೆ ಜುಟ್ಟಿನವರು ಹಾಜರ್

ಕುಕ್ಕರ್ ಮೊದಲ ಸಲ ಕೂಗಿತು. ಬೀದಿಯಾಚೆಯ ನೀಲಗಿರಿ ಮರದಲ್ಲಿ ಒಂದು ಹಳದಿ ಜುಟ್ಟು ಎದ್ದು ನಿಂತಿತು.

ಎರಡನೇ ಸಲ ಕೂಗಿತು. ಮರದ ತುಂಬ ಜುಟ್ಟುಗಳು!

ಮೂರನೇ ಕೂಗಿಗೆ ಆಕಾಶವೇ ಬೆಳ್ಳಗಾಯಿತು. ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿ ಅಷ್ಟೊಂದು ಕಾಕಟೂಗಳು ಒಟ್ಟಿಗೆ ಹಾರಿದ್ದನ್ನು ಅವತ್ತಿನವರೆಗೆ ಯಾರೂ ಕಂಡಿರಲಿಲ್ಲ. ಕಾಕಟೂ ಎಂದರೆ ಕೋಳಿಯಷ್ಟು ದಪ್ಪನೆಯ ಬಿಳಿ ಗಿಳಿ. ಸಾವಿರ ಇದ್ದವು. ನಂಬಲು ಕಷ್ಟವಾದರೆ ಐನೂರು ಎಂದುಕೊಳ್ಳಿ. ಅದಕ್ಕಿಂತ ಕಡಿಮೆ ಮಾಡಲು ನನ್ನಿಂದ ಆಗುವುದಿಲ್ಲ.

"ಬಂದ್ರಾ? ಬನ್ನಿ, ಬನ್ನಿ" ಎನ್ನುತ್ತ ಜಲಜಜ್ಜಿ ಹಿತ್ತಲ ಬೇಲಿಯ ಮೇಲೆ ಒಂದು ಹಿಡಿ ಅನ್ನ ಇಟ್ಟರು.

ತಿಪಟೂರಿನಲ್ಲಿ ಅಜ್ಜಿ ಕಾಗೆಗೆ ಅನ್ನ ಇಡದೆ ಒಂದು ದಿನವೂ ಊಟಕ್ಕೆ ಕೂತವರಲ್ಲ. ಮಗಳ ಮನೆಗೆಂದು ಸಿಡ್ನಿಗೆ ಬಂದ ಮೇಲೂ ಬಿಡಲಿಲ್ಲ. ಆದರೆ ಇಲ್ಲಿ ಕಾಗೆಯ ಪಾಲಿಗೆ ಕಾಕಟೂಗಳು ಬಂದು ಕೂತವು.

"ಈ ದೇಶದಲ್ಲಿ ಕಾಗೇನೂ ಬೆಳ್ಳಗೆ ಕಣೇ. ಆ ಜುಟ್ಟು ನೋಡು, ಥೇಟ್ ನಮ್ಮೂರ ಪುರೋಹಿತರು!"

ಮೊಮ್ಮಗಳು ನಿಹಾರಿಕಾ ನಕ್ಕಳು. ಅವಳಿಗೆ ಹತ್ತು ವರ್ಷ. "ಅಜ್ಜಿ, ದೇ ಆರ್ ಕಾಕಟೂಸ್. ಕ್ಯಾನ್ ಐ ಹ್ಯಾವ್ ಎ ಕೋಡುಬಳೆ?"

"ಆಂ? ಏನಂದೆ? ಇಲ್ಲಿನ ಗಾಳಿಗೆ ಕಿವಿ ಮುಚ್ಚಿಹೋಗಿದೆ ಮಗಾ."

"ಕ್ಯಾನ್ ಐ ಹ್ಯಾವ್..." ಎಂದು ಕಿರುಚಿದಳು. ಅಜ್ಜಿ ಕೇಳಿಸಲಿಲ್ಲವೆಂದು ತಲೆ ಆಡಿಸಿದರು. ನಿಹಾರಿಕಾ ಉಸ್ಸೆಂದು, ತನ್ನಷ್ಟಕ್ಕೆ ಗೊಣಗಿದಳು: "ಒಂದು ಕೋಡುಬಳೆ ಕೊಡು ಅಜ್ಜಿ."

ತಕ್ಷಣ ಕೋಡುಬಳೆ ಕೈಗೆ ಬಂತು!

ಅಜ್ಜಿಯದು ಅಂಥ ಕಿವಿ. ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಡೋಲು ಬಡಿದರೂ ಕೇಳಿಸದು. ಕನ್ನಡದಲ್ಲಿ ಪಿಸುಗುಟ್ಟಿದರೆ ಮೆಲ್ಬರ್ನಿನಿಂದಲೂ ಕೇಳಿಸೀತು.

ಅವತ್ತು ಸಂಜೆ ಕಾಲಿಂಗ್ ಬೆಲ್ ಆಯಿತು. ಬಾಗಿಲಲ್ಲಿ ಪಕ್ಕದ ಮನೆಯ ಟ್ರೇಸಿ ಆಂಟಿ. ಕೈಯಲ್ಲಿ ಒಂದು ಮರದ ಕುರ್ಚಿಯ ಕಾಲು. ಕಾಕಟೂಗಳು ಕಡಿದು ಕಡಿದು ಅದು ಹಲ್ಲುಕಡ್ಡಿಯಷ್ಟು ತೆಳ್ಳಗಾಗಿತ್ತು.

"ಅನ್ನ ಹಾಕೋದು ನೀವು, ಅವು ತಿನ್ನೋದು ನನ್ನ ಕುರ್ಚಿ" ಎಂದು ಇಂಗ್ಲಿಷಿನಲ್ಲಿ ಗುಡುಗಿದರು. "ಇದು ನಿಲ್ಲದಿದ್ದರೆ ಕೌನ್ಸಿಲ್‌ಗೆ ಕಂಪ್ಲೇಂಟ್ ಮಾಡ್ತೀನಿ."

ನಿಹಾರಿಕಾಳ ಅಮ್ಮ ಪ್ರಣತಿ ನಾರ್ವೆಸ್ಟ್ ಬಡಾವಣೆಯ ಆಫೀಸಿನಿಂದ ಆಗಷ್ಟೇ ಬಂದಿದ್ದಳು. ಟ್ರೇಸಿ ಆಂಟಿಗೆ ಒಂದು ಬುಟ್ಟಿ ಸಾರಿ ಹೇಳಿ ಕಳಿಸಿ, ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಅಮ್ಮಾ, ನಾಳೆಯಿಂದ ಬೇಲಿ ಮೇಲೆ ಒಂದು ಅಗಳೂ ಇಡ್ಬೇಡ."

"ಕಾಗೆಗೆ ಇಡದೆ ನಾನು ಉಣ್ಣಲ್ಲ."

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಮ್ಮಾ!"

"ಟಿಕೆಟ್ ಬುಕ್ ಮಾಡು. ನಾನು ಊರಿಗೆ ಹೋಗ್ತೀನಿ. ಅಲ್ಲಿ ಕಾಗೆಗಳು ಕುರ್ಚಿ ತಿನ್ನಲ್ಲ."

ಮರುದಿನ ಅಜ್ಜಿ ಅನ್ನ ಮಾಡಲೇ ಇಲ್ಲ. ಬರೀ ಮಜ್ಜಿಗೆ ಕುಡಿದರು. ಅವರ ನೀಲಿ ಸೂಟ್‌ಕೇಸ್ ಕಪಾಟಿನ ಮೇಲಿಂದ ಇಳಿದು ಮಂಚದ ಪಕ್ಕ ಬಂದು ಕೂತಿತ್ತು. ನಿಹಾರಿಕಾ ಅದನ್ನು ನೋಡಿದಳು. ಸ್ಕೂಲಿಗೆ ರಜೆ. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ. ಅಜ್ಜಿಯೂ ಹೋದರೆ ಈ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಇನ್ನೇನಿರುತ್ತದೆ?

ಅವಳು ಹಿತ್ತಲಿಗೆ ಹೋಗಿ ಮರವನ್ನೇ ದುರುಗುಟ್ಟಿ ನೋಡಿದಳು. "ಎಲ್ಲಾ ನಿಮ್ಮಿಂದ್ಲೇ!"

ಜುಟ್ಟಿನವರು ಜಪ್ಪಯ್ಯ ಅನ್ನಲಿಲ್ಲ. ಇವತ್ತು ಕುಕ್ಕರೂ ಕೂಗಿರಲಿಲ್ಲವಲ್ಲ.

ಆಗ ಪಕ್ಕದ ಮನೆಯಿಂದ ಒಂದು ಸದ್ದು ಬಂತು. *ಕೂಊಊಯ್!*

ಜುಟ್ಟುಗಳೆಲ್ಲ ಎದ್ದವು. ದಂಡು ಹಾರಿ ಹೋಗಿ ಟ್ರೇಸಿ ಆಂಟಿಯ ಹಿತ್ತಲಲ್ಲಿ ಇಳಿಯಿತು. ಅತ್ತ ನೋಡಿತು, ಇತ್ತ ನೋಡಿತು. ಅನ್ನ ಎಲ್ಲಿ? ಕಾದು ಕಾದು ಸಿಟ್ಟು ಬಂದು, ಇನ್ನೊಂದು ಕುರ್ಚಿಗೆ ಬಾಯಿ ಹಾಕಿತು.

ಕೂಗಿದ್ದು ಟ್ರೇಸಿ ಆಂಟಿಯ ಟೀ ಕೆಟಲ್, ನೀರು ಕುದಿದರೆ ಸೀಟಿ ಹಾಕುವಂಥದ್ದು!

ಕ್ಲಾಸಿನಲ್ಲಿ ಮಿಸ್ ಹೇಳಿದ್ದು ನಿಹಾರಿಕಾಗೆ ನೆನಪಾಯಿತು. ಗಂಟೆ ಬಾರಿಸಿ ಊಟ ಕೊಟ್ಟು ಕೊಟ್ಟು ಅಭ್ಯಾಸವಾದರೆ, ಆಮೇಲೆ ಬರೀ ಗಂಟೆ ಕೇಳಿದರೂ ನಾಯಿಯ ಬಾಯಲ್ಲಿ ನೀರು ಬರುತ್ತದಂತೆ. ಅವಳು ಒಳಗೆ ಓಡಿದ ರಭಸಕ್ಕೆ ಬಟ್ಟೆ ಒಣಹಾಕಿದ್ದ ಹಗ್ಗವೇ ಹಿಂದೆ ಬರಬೇಕಿತ್ತು.

"ಅಜ್ಜೀ! ದೇ ಥಿಂಕ್ ದ ಕೆಟಲ್..."

"ಆಂ?"

"ಅಯ್ಯೋ! ಅಜ್ಜಿ, ಆ ಬರ್ಡ್ಸ್‌ಗೆ ವಿಷಲ್ ಕೇಳಿದ್ರೆ ಅನ್ನ ಬರತ್ತೆ ಅಂತ ಗೊತ್ತು. ನೀನೇ ಟೀಚ್ ಮಾಡಿರೋದು!"

"ನಾನ್ಯಾವಾಗ ಸ್ಕೂಲ್ ಇಟ್ಟಿದ್ದೆ?"

"ಇಟ್ಟಿದ್ದೆ! ಈಗ ಅವಕ್ಕೆ ಅದನ್ನ ಮರೆಸ್ಬೇಕು. ದಿನಾ ಕುಕ್ಕರ್ ಕೂಗ್ಲಿ. ಆದ್ರೆ ಬೇಲಿ ಮೇಲೆ ಅನ್ನ ಇಲ್ಲ."

"ಕೂಗಿ ಕರೆದು ಬರೀ ಹೊಟ್ಟೇಲಿ ಕಳಿಸೋದಾ? ಮೊದಲ ತುತ್ತು ಕಾಗೆಗೆ ಹೋಗ್ಲೇಬೇಕು ಮಗಾ."

ನಿಹಾರಿಕಾ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು, ಎರಡೂ ಕೈ ಬಡಿಯುತ್ತ ಬಾಯಿ ಅಗಲಿಸಿದಳು.

"ಕಾ! ಕಾ! ನಾನೇ ಕಾಗೆ. ನಂಗೆ ಹಾಕು."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ತಲೆ ಬಾಚದ ಕಾಗೆ!" ಎಂದು ನಗತೊಡಗಿದವರು, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಅವತ್ತು ಕುಕ್ಕರ್ ಕೂಗಿತು. ತುಪ್ಪ ಕಲಸಿದ ಮೊದಲ ತುತ್ತು ಕಾಗೆಯ ಬಾಯಿಗೆ ಹೋಯಿತು. ಎರಡನೆಯದನ್ನು ಅಜ್ಜಿ ತಾವೇ ಉಂಡರು.

ಆದರೆ ಜುಟ್ಟಿನವರು ಅಷ್ಟು ಸುಲಭಕ್ಕೆ ಸೋಲುವ ಪೈಕಿಯಲ್ಲ. ಅನ್ನ ಸಿಗದೆ ಹೋದಾಗ ಗಲಾಟೆ ಹೆಚ್ಚಾಯಿತು. ಕಿಟಕಿಗೆ ಕೊಕ್ಕಿನಿಂದ ಬಡಿದರು. ಸೊಳ್ಳೆ ಜಾಲರಿ ಹರಿದರು. ಬಟ್ಟೆ ಹಗ್ಗಕ್ಕೆ ತಲೆಕೆಳಗಾಗಿ ಜೋತುಬಿದ್ದು, ಆಸ್ಟ್ರೇಲಿಯಾದ ಅಷ್ಟೂ ಬೈಗುಳ ಬೈದರು. ನಿಹಾರಿಕಾ ಕಿವಿ ಮುಚ್ಚಿಕೊಂಡು ಸಹಿಸಿದಳು. ಆಮೇಲಾಮೇಲೆ ಬರುವವರ ಸಂಖ್ಯೆ ಇಳಿಯಿತು.

ಹಾಗೆ ಇಳಿದದ್ದು ಒಂದು ಮಧ್ಯಾಹ್ನ ಮತ್ತೆ ಏರಿತು! ನಿಹಾರಿಕಾ ಹೋಗಿ ನೋಡಿದರೆ ಬೇಲಿಯ ಮೇಲೆ ಎರಡು ಅಗಳು.

"ಅಜ್ಜೀ?"

ಅಜ್ಜಿ ಸೂರು ನೋಡಿದರು. "ಒಂದೇ ಒಂದು ಹಿಡಿ ಕಣೇ. ಆ ಕುಂಟು ಪುರೋಹಿತರು ಬೇಲಿ ಮೇಲೆ ಜುಟ್ಟು ಎತ್ಕೊಂಡು ನನ್ನೇ ನೋಡ್ತಾ ಕೂತಿದ್ರು. ಪಾಪ."

"ಒಂದ್ಸಲ ಕೊಟ್ರೆ ಮುಗೀತು ಅಜ್ಜಿ! ನಾಳೆ ಕೊಡ್ತಾರೇನೋ, ನಾಡಿದ್ದು ಕೊಡ್ತಾರೇನೋ ಅಂತ ಇನ್ನೂ ಜಾಸ್ತಿ ಕಾಯ್ತವೆ."

ಅಜ್ಜಿ ಹಣೆ ಚಚ್ಚಿಕೊಂಡರು. "ನಿಜ ಕಣೇ. ನಿಮ್ಮ ತಾತನೂ ಹಾಗೇ. ಒಂದ್ಸಲ ಲಾಟರೀಲಿ ಸ್ಟೀಲ್ ಡಬ್ಬಿ ಬಂತು ನೋಡು, ಆಮೇಲೆ ಬದುಕಿರೋವರೆಗೂ ಟಿಕೆಟ್ ತಗೊಂಡ್ರು!"

ಅವತ್ತಿನಿಂದ ಅಜ್ಜಿಯ ಕೈ ಬಿಗಿಯಾಯಿತು. ಕುಂಟು ಪುರೋಹಿತರು ಬಂದಾಗ ಅಜ್ಜಿ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ರಜೆ ಮುಗಿಯುವ ಹೊತ್ತಿಗೆ ಕುಕ್ಕರ್ ಹೊಟ್ಟೆ ಬಿರಿಯ ಕೂಗಿದರೂ ಮರದಲ್ಲಿ ಎಲೆ ಮಾತ್ರ ಅಲ್ಲಾಡುತ್ತಿತ್ತು.

ಕೆಟಲ್ಲಿನ ಕತೆಯನ್ನು ಟ್ರೇಸಿ ಆಂಟಿಗೂ ನಿಹಾರಿಕಾ ಹೇಳಿದ್ದಳು. ಅವರು ಭಾನುವಾರ ಎಲ್ಲರನ್ನೂ ಟೀಗೆ ಕರೆದರು. ಹೊಸ ಕುರ್ಚಿಗಳ ಮೇಲೆ ಅಮ್ಮ, ಅಜ್ಜಿ, ನಿಹಾರಿಕಾ ಕೂತರು. ಎಲ್ಲರ ಕಣ್ಣೂ ಮರದ ಮೇಲೆ.

*ಕೂಊಊಯ್!*

ಒಂದೇ ಒಂದು ಜುಟ್ಟು ಎದ್ದಿತು. ಯೋಚಿಸಿತು. ಮಡಚಿಕೊಂಡಿತು.

"ಗೆದ್ವಿ!" ಎಂದು ಅಮ್ಮ ಚಪ್ಪಾಳೆ ತಟ್ಟಿ ಈಚೆ ತಿರುಗಿದರೆ, ನಿಹಾರಿಕಾ ಬಾಯಿ ಅಗಲಿಸಿಕೊಂಡು ಕೂತಿದ್ದಳು. ಕೈಗಳು ರೆಕ್ಕೆಯ ಹಾಗೆ ಅರ್ಧ ಎದ್ದಿದ್ದವು. ಅಷ್ಟೇ ಅಲ್ಲ, ಜಲಜಜ್ಜಿ ಟ್ರೇಸಿ ಆಂಟಿಯ ಕೇಕನ್ನು ಚೆನ್ನಾಗಿ ಕಲಸಿ, ತುತ್ತು ಮಾಡಿ, ಆ ಬಾಯಿಯ ಹತ್ತಿರ ಹಿಡಿದಿದ್ದರು!

ಅಮ್ಮ ಬಿದ್ದು ಬಿದ್ದು ನಕ್ಕ ಸದ್ದಿಗೆ ಕಾಕಟೂಗಳೇ ಹೆದರಿ ಹಾರಿದವು.

ಮನೆಗೆ ವಾಪಸಾಗುವಾಗ ನಿಹಾರಿಕಾ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಕುಕ್ಕರ್, ಅನ್ನ, ಜುಟ್ಟು. ಕುಕ್ಕರ್, ತುತ್ತು, ಬಾಯಿ. ಅವಳ ತಲೆಯಲ್ಲಿ ಇನ್ನೇನೋ ಒಂದು ಸುಳಿದಾಡುತ್ತಿತ್ತು. ಕೋಡುಬಳೆ! ಇಂಗ್ಲಿಷ್ ಅಂದರೆ ಕೇಳಿಸದ ಕಿವಿ, ಕನ್ನಡ ಅಂದರೆ ಕೈಗೆ ಬರುವ ತಿಂಡಿ...

ಅಜ್ಜಿಯ ಜೊತೆ ತಾನು ಕೊನೆಯ ಸಲ ಇಂಗ್ಲಿಷ್ ಆಡಿದ್ದು ಯಾವಾಗ? ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಅವಳು ಬೇಕೆಂದೇ ಹಿಂದೆ ಉಳಿದು, ತೀರಾ ಮೆಲ್ಲಗೆ ಹೇಳಿದಳು. "ಅಜ್ಜಿ, ಐ ನೋ ಯುವರ್ ಟ್ರಿಕ್."

ಮುಂದೆ ಹೋಗುತ್ತಿದ್ದ ಅಜ್ಜಿ ತಿರುಗಲಿಲ್ಲ. ಪಾಪ, ಕೇಳಿಸಲಿಲ್ಲವಲ್ಲ. ಆದರೆ ಅವರ ಹೆಗಲು ಕುಲುಕುತ್ತಿತ್ತು. ಕಿವಿಯ ಓಲೆಗಳು ಗಡಗಡ ಅಲ್ಲಾಡುತ್ತಿದ್ದವು.

ನಿಹಾರಿಕಾ ಓಡಿಹೋಗಿ ಅವರ ಕೈ ಹಿಡಿದಳು.

"ಅಜ್ಜಿ, ಆ ಸೂಟ್‌ಕೇಸ್ ವಾಪಸ್ ಮೇಲೆ ಇಟ್ಬಿಡೋಣ್ವಾ?"

ಅಜ್ಜಿ ಕೂಡಲೇ ತಿರುಗಿದರು. "ಇಡೋಣ ಮಗಾ. ನಿಂಗೆ ಭಾರ ಆಗತ್ತೆ, ನಾನೂ ಕೈ ಹಾಕ್ತೀನಿ."

ಕೋಡುಬಳೆ ಡಬ್ಬಿ ನಿನ್ನೆಯೇ ಖಾಲಿಯಾಗಿತ್ತು. ಅದು ನಿಹಾರಿಕಾಗೂ ಗೊತ್ತಿತ್ತು. ಆದರೂ ಅವಳ ಬಾಯಿಗೆ ಬಂದದ್ದು ಕನ್ನಡವೇ.