ಹನುಮೇಶಣ್ಣನ ಚೀಲದಲ್ಲಿ ಶಾಫ್ಟು

“ಗಾಡಿ ಕೆಳಗೆ ಬಗ್ಗಿ ನೋಡೋಕೆ ಮುಂಚೆನೇ ಅದು ಹೇಗೆ ಗೊತ್ತಾಯ್ತು ಇವರಿಗೆ?”

ಸುಕೃತಿ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಕಾರಿನ ಮುಂದಿನ ಚಕ್ರ ಬಿಚ್ಚಿ ಗೋಡೆಗೆ ಒರಗಿಸಲಾಗಿತ್ತು. ಕಾರಿನ ಕೆಳಗಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಅವು ಮಹಡಿ ಮೇಲಿನ ರೂಮಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ, ಕಂಪನಿಯೊಂದರಲ್ಲಿ ಕೆಲಸ ಮಾಡುವ ಹನುಮೇಶಣ್ಣನ ಕಾಲುಗಳು.

“ಶ್, ಸುಮ್ನಿರು,” ಎಂದಳು ಅಮ್ಮ ವನಜಾ.

ಸುಕೃತಿ ಸುಮ್ಮನಿರುವ ಪೈಕಿ ಅಲ್ಲ. ಒಂದು ವಾರದಿಂದ ಕಾರು ತಿರುವಿನಲ್ಲಿ ಕಟಕಟ ಅನ್ನುತ್ತಿತ್ತು. ಆ ಹಳೇ ಬಿಳಿ ಕಾರಿನಲ್ಲೇ ಅಮ್ಮ ದಿನಾ ಪೀಣ್ಯದ ಕಂಪನಿಗಳಿಗೆ ಊಟದ ಡಬ್ಬಿ ಕೊಂಡೊಯ್ಯುವುದು. ಕಾರು ನಿಂತರೆ ಡಬ್ಬಿ ನಿಂತಂತೆ. ಇವತ್ತು ಸಂಜೆ ಗೇಟಿನ ಹತ್ತಿರ ನಿಂತಿದ್ದ ಹನುಮೇಶಣ್ಣ ತಾನೇ ಮುಂದೆ ಬಂದು, “ಅಕ್ಕಾರ, ಜಾಯಿಂಟಿನ ರಬ್ಬರ್ ಹರಿದೈತ್ರಿ. ಗ್ರೀಸ್ ಸೋರಿ ಮಣ್ಣು ಹೊಕ್ಕೈತಿ,” ಎಂದುಬಿಟ್ಟಿದ್ದ.

ಕೆಳಗೆ ನೋಡದೆ ಹೇಗೆ ಗೊತ್ತಾಯಿತು? ರಬ್ಬರ್ ಕತ್ತರಿಸಿದವರಿಗೆ ಗೊತ್ತಿರುತ್ತದೆ, ಅಷ್ಟೇ. ಸುಕೃತಿಯ ತಲೆಯಲ್ಲಿ ಕೇಸು ಆಗಲೇ ಅರ್ಧ ಮುಗಿದಿತ್ತು.

ಇದಕ್ಕೆ ಮನೆ ಓನರ್ ವಸಂತಮ್ಮಜ್ಜಿಯೂ ಕಾರಣ ಅನ್ನಿ. ಹೋದ ತಿಂಗಳು ವಠಾರದಲ್ಲಿ ಒಂದು ಬೈಕಿನ ಕನ್ನಡಿ ಕಳುವಾಗಿತ್ತು. ಅವತ್ತಿನಿಂದ ಅಜ್ಜಿಗೆ ಎಲ್ಲರ ಮೇಲೂ ಅನುಮಾನ. ಈಗಲೂ ಮಹಡಿಯ ಕಟಕಟೆಗೆ ಒರಗಿಕೊಂಡು ಕೆಳಗೆ ಕೇಳುವ ಹಾಗೇ ಹೇಳಿದಳು. “ವನಜಾ, ಬಿಚ್ಚಿದ್ದೆಲ್ಲ ಕಣ್ಣಲ್ಲೇ ಇಟ್ಕೊಳಮ್ಮ. ಕಾಲ ಸರಿ ಇಲ್ಲ. ಹೊಸದಾಗಿ ಬಂದೋರು ಯಾರು ಎಂಥೋರೋ.”

ಸರಿಯಾಗಿ ಆಗಲೇ ಹನುಮೇಶಣ್ಣ ಹೊರಗೆ ಜಾರಿ ಬಂದು ಬಟ್ಟೆಯಿಂದ ಹೆಗಲು ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಸುಕೃತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಪಾಪ, ಅವನು ಬೆವರು ಒರೆಸಿಕೊಂಡಿದ್ದ.

ಅವನ ಕೈಯಲ್ಲಿ ಒಂದು ಉದ್ದನೆಯ ಕಬ್ಬಿಣದ ಶಾಫ್ಟ್ ಇತ್ತು. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಅದೇ. ಅದರ ತುದಿಯಲ್ಲಿ ಲೋಟದಂಥ ಒಂದು ಕಪ್, ಆ ಕಪ್ಪಿನೊಳಗೆ ಕಬ್ಬಿಣದ ಗುಂಡುಗಳು. ಅದೇ ಜಾಯಿಂಟು. ಚಕ್ರ ಎತ್ತ ತಿರುಗಿದರೂ ಶಾಫ್ಟು ಸುತ್ತುತ್ತಲೇ ಇರಲಿ ಅಂತ ಅದನ್ನು ಇಟ್ಟಿರುತ್ತಾರೆ. ಅದರ ಮೇಲಿನ ರಬ್ಬರ್ ಹೊದಿಕೆ ಮಾತ್ರ ಹರಿದು ಜೋತು ಬಿದ್ದಿತ್ತು.

ಹನುಮೇಶಣ್ಣ ಸುತ್ತಿಗೆಯಿಂದ ಜಾಯಿಂಟಿಗೆ ಬಡಿದ. ಅದು ಜಗ್ಗಲಿಲ್ಲ.

“ಬಿಗಿ ಹಿಡಿದೈತ್ರಿ ಅಕ್ಕಾರ. ನಮ್ಮ ಕಂಪನಿ ಶಾಪಿನಾಗ ಬಿಗಿಯಾಗಿ ಹಿಡಿಯೂ ದೊಡ್ಡ ವೈಸ್ ಐತಿ. ನಾಳೆ ಫಸ್ಟ್ ಶಿಫ್ಟಿಗೆ ಹೋಗೋ ಮುಂದ ಒಯ್ದು, ಬಿಚ್ಚಿ ತೊಳಕೊಂಡು ಬರ್ತೀನಿ. ನೀವು ಹೊಸ ರಬ್ಬರ್ ಕಿಟ್ ತಂದಿಡ್ರಿ. ಮಧ್ಯಾಹ್ನ ಹಾಕಿಬಿಡೂಣು.”

“ಅಯ್ಯೋ, ನಿಮ್ಗೆ ತೊಂದ್ರೆ ಆಗಲ್ವಾ?”

“ಅದರಾಗೇನ್ ತೊಂದ್ರಿ ಬಿಡ್ರಿ.” ಅವನು ನೀರು ಕುಡಿಯಲು ಮೇಲೆ ಹೋದ.

ಕಾರಿನ ಶಾಫ್ಟು, ಪರರ ಚೀಲದಲ್ಲಿ, ಪರರ ಕಂಪನಿಗೆ! ಒಳ್ಳೆಯದನ್ನು ಇಟ್ಟುಕೊಂಡು ಯಾವುದೋ ಗುಜರಿ ಜಾಯಿಂಟ್ ತಂದು ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅಮ್ಮ ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದದ್ದೇ ತಡ, ಸುಕೃತಿ ತನ್ನ ಕೆಂಪು ನೇಲ್ ಪಾಲಿಶ್ ತಂದಳು. ಕಪ್ಪಿನ ಹೊಟ್ಟೆಯ ಮೇಲಿನ ಜಿಡ್ಡು ಒರೆಸಿ ಒಂದು ಚುಕ್ಕಿ ಇಟ್ಟಳು. ಉಫ್ ಉಫ್ ಎಂದು ಊದಿ ಒಣಗಿಸಿದಳು. ಈಗ ಬದಲಾಯಿಸಲಿ ನೋಡೋಣ!

ಮರುದಿನ ಶನಿವಾರ. ಬೆಳಿಗ್ಗೆ ಬೇಗ ಹನುಮೇಶಣ್ಣ ಶಾಫ್ಟನ್ನು ಗೋಣಿ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ತುರುಕಿಕೊಂಡು ಓಡಿದ. ಸುಕೃತಿ ಸ್ಕೂಲಿನಿಂದ ಬಂದಳು. ಊಟ ಮಾಡಿದಳು. ಅವನ ಶಿಫ್ಟು ಮುಗಿದು ಎಷ್ಟೋ ಹೊತ್ತಾಯಿತು. ಅವನ ಪತ್ತೆ ಇಲ್ಲ, ಫೋನ್ ಸ್ವಿಚ್ಡ್ ಆಫ್.

“ನಾನು ಹೇಳ್ಲಿಲ್ವಾ?” ಎಂದಳು ಸುಕೃತಿ.

ಅಮ್ಮ ಇಟ್ಟಿಗೆಯ ಮೇಲೆ ಕುಂಟಿಕೊಂಡು ನಿಂತಿದ್ದ ಕಾರನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಯಾವುದೋ ನಂಬರಿನಿಂದ ಫೋನ್ ಬಂತು.

“ವನಜಾ ಮೇಡಂ? ಕಂಪನಿ ಸೆಕ್ಯೂರಿಟಿ ಮಾತಾಡ್ತಿರೋದು. ಹನುಮೇಶ ಅಂತ ಗೊತ್ತಾ ನಿಮ್ಗೆ? ಕಂಪನಿ ಮಾಲು ಚೀಲದಲ್ಲಿ ಹಾಕ್ಕೊಂಡು ಹೊರಗೆ ಹೋಗ್ತಿದ್ದ, ಹಿಡ್ದಿದೀವಿ. ನಿಮ್ಮ ಕಾರಿಂದು ಅಂತಾನೆ, ಇವ್ನೇ ನಿಮ್ಮ ನಂಬರ್ ಕೊಟ್ಟ. ಬಂದು ನೋಡ್ತೀರಾ?”

ಇಬ್ಬರೂ ಆಟೋ ಹತ್ತಿದರು.

ಕಂಪನಿಯ ಗೇಟಿನ ಪಕ್ಕದ ಕ್ಯಾಬಿನ್ನಿನಲ್ಲಿ ಹನುಮೇಶಣ್ಣ ಗೋಡೆಗೆ ಅಂಟಿಕೊಂಡು ನಿಂತಿದ್ದ. ಶಿಫ್ಟು ಬದಲಾಗುವ ಹೊತ್ತಿನಿಂದ ನಿಂತೇ ಇದ್ದ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಟೇಬಲ್ ಮೇಲೆ ಶಾಫ್ಟು ಮಲಗಿತ್ತು. ಜಿಡ್ಡಿಲ್ಲ, ಮಣ್ಣಿಲ್ಲ, ಬೆಳ್ಳಗೆ ಮಿಂಚುತ್ತಿತ್ತು.

“ಒಳಗೆ ತರೋವಾಗ ಗೇಟಲ್ಲಿ ಹೇಳಿ ಚೀಟಿ ಬರೆಸ್ಬೇಕು. ಬರೆಸಿಲ್ಲ,” ಎಂದ ದಪ್ಪ ಮೀಸೆಯ ಸೆಕ್ಯೂರಿಟಿ. “ಇಲ್ಲಿ ನಾವು ಮಾಡೋದೂ ಶಾಫ್ಟೇ ಮೇಡಂ. ಇದು ನಿಮ್ದಾ, ನಮ್ದಾ, ನಂಗೇನ್ ಗೊತ್ತಾಗತ್ತೆ? ನಮ್ದು ಅಂತಾದ್ರೆ ಇವ್ನಿಗೆ ಇವತ್ತೇ ಕೆಲಸ ಹೋಗತ್ತೆ. ಸರಿಯಾಗಿ ನೋಡಿ ಹೇಳಿ.”

“ಲೇಟಾಗಿತ್ರೀ ಸಾರ್,” ಎಂದ ಹನುಮೇಶಣ್ಣ. “ಹಾಜರಿ ಪಂಚ್ ಮಾಡೂ ಅವಸರದಾಗ ಓಡಿಬಿಟ್ಟೆ. ಒಳಗ ಹೋಗೂ ಮುಂದ ಯಾರೂ ಚೀಲ ನೋಡಂಗಿಲ್ಲ.”

ಅಮ್ಮ ಶಾಫ್ಟನ್ನು ನೋಡಿದಳು. “ನಮ್ದೇ ಇರ್ಬೇಕು ಸಾರ್. ಆದ್ರೆ ನಮ್ದು ಕಪ್ಪಗಿತ್ತು…” ಅವಳ ದನಿ ಸಣ್ಣದಾಯಿತು.

ಸುಕೃತಿ ಮುಂದೆ ಬಂದು ಕಪ್ಪನ್ನು ಹೊರಳಿಸಿ ನೋಡಿದಳು. ಈ ಕಡೆ ನೋಡಿದಳು, ಆ ಕಡೆ ನೋಡಿದಳು. ಚುಕ್ಕಿ ಇಲ್ಲ! ಅವಳ ಅನುಮಾನವೇ ನಿಜ! ನಿಜ ಹೇಳಬೇಕೆಂದರೆ ಒಂದು ಚೂರು ಖುಷಿಯೂ ಆಯಿತು.

“ಇದು ನಮ್ದಲ್ಲ. ನಮ್ಮದ್ರಲ್ಲಿ ನಾನು ಗುರುತು ಮಾಡಿದ್ದೆ. ಇದ್ರಲ್ಲಿ ಇಲ್ಲ.”

ಅಮ್ಮ ಗಕ್ಕನೆ ತಿರುಗಿದಳು. ಹನುಮೇಶಣ್ಣನ ಬಾಯಿ ತೆರೆದೇ ಉಳಿಯಿತು.

“ಏನು ಗುರುತು? ತಡಿ, ನೀನು ಹೇಳ್ಬೇಡ ಪುಟ್ಟಿ.” ಸೆಕ್ಯೂರಿಟಿ ಹನುಮೇಶಣ್ಣನ ಕಡೆ ತಿರುಗಿದ. “ನೀನು ಹೇಳಯ್ಯ. ಇವ್ರ ಶಾಫ್ಟೇ ತಂದಿದ್ರೆ ಗುರುತು ನೋಡಿರ್ತೀಯಲ್ಲ?”

ಹನುಮೇಶಣ್ಣ ತಲೆ ತಗ್ಗಿಸಿ ಯೋಚಿಸಿದ. ಹೊರಗೆ ಲಾರಿಯೊಂದು ಹಾರ್ನ್ ಬಾರಿಸುತ್ತಲೇ ಇತ್ತು.

“ಕೆಂಪಂದೊಂದು ಚುಕ್ಕಿ ಇತ್ತು ನೋಡ್ರಿ,” ಎಂದ ನಿಧಾನಕ್ಕೆ. “ಕಪ್ಪಿನ ಹೊಟ್ಟಿ ಮ್ಯಾಲೆ. ಉಗುರಿಗೆ ಹಚ್ಚೂ ಬಣ್ಣದಂಗ. ಡೀಸೆಲ್‌ಗೆ ಹೋಗ್ಲಿಲ್ಲ. ಬಣ್ಣ ತೆಗಿಯೂ ಥಿನ್ನರ್ ಹಾಕಿ ಒರಸಿದೆ.”

“ಯಾಕೆ ಒರೆಸಿದೆ?”

“ಹೊಲಸು ಅನ್ಕೊಂಡೆ ಸಾರ್. ಅಕ್ಕಾರ ಗಾಡಿದು, ಹೊಸಾದ್ರಂಗ ಮಾಡಿ ಕೊಡೂಣು ಅಂತ.”

ಸೆಕ್ಯೂರಿಟಿ ಸುಕೃತಿಯನ್ನು ನೋಡಿದ. ಅವಳು ಹೌದು ಎಂಬಂತೆ ತಲೆ ಆಡಿಸಿದಳು.

“ಬಾಯಲ್ಲಿ ಹೇಳಮ್ಮ.”

“ಕೆಂಪು ಚುಕ್ಕಿ,” ಎಂದಳು ಸುಕೃತಿ. “ನೇಲ್ ಪಾಲಿಶ್. ಇದು ನಮ್ದೇ.”

“ಸರಿ, ತಗೊಂಡ್ಹೋಗಿ. ಇನ್ನೊಂದ್ಸಲ ಗೇಟಲ್ಲಿ ಹೇಳ್ದೆ ಏನಾದ್ರೂ ತಂದೆ ಅಂದ್ರೆ ನೋಡು,” ಎಂದು ಸೆಕ್ಯೂರಿಟಿ ಶಾಫ್ಟನ್ನು ಅವನತ್ತ ತಳ್ಳಿದ.

ಆಟೋದಲ್ಲಿ ಬರುವಾಗ “ಯಾಕೆ ಗುರುತು ಮಾಡಿದೆ?” ಎಂದು ಹನುಮೇಶಣ್ಣ ಕೇಳುತ್ತಾನೆ ಅಂತ ಸುಕೃತಿ ಕಾದಳು. ಅವನು ಕೇಳಲಿಲ್ಲ. ಅಮ್ಮನೂ ಬೈಯಲಿಲ್ಲ, ಒಮ್ಮೆ ಮುಖ ನೋಡಿದಳು, ಅಷ್ಟೇ. ಇದಕ್ಕಿಂತ ನಾಲ್ಕು ಬೈದಿದ್ದರೇ ವಾಸಿ ಇತ್ತು. ಮನೆಯಿರುವ ದಾಸರಹಳ್ಳಿ ಬರುವವರೆಗೂ ಸುಕೃತಿ ಮುಖ ಊದಿಸಿಕೊಂಡು ರಸ್ತೆ ನೋಡುತ್ತಾ ಕೂತಳು. ಕಣ್ಣು ಯಾಕೋ ಉರಿಯುತ್ತಿತ್ತು.

ಮನೆಗೆ ಬಂದವನೇ ಹನುಮೇಶಣ್ಣ ಊಟವನ್ನೂ ಮಾಡದೆ ಕೆಲಸಕ್ಕೆ ಕೂತ. ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. “ಇನ್ನೂ ಸವೆದಿಲ್ರಿ ಅಕ್ಕಾರ, ಬಚಾವ್ ಆದ್ವಿ.” ಜಾಯಿಂಟಿಗೆ ಹೊಸ ಗ್ರೀಸ್ ತುಂಬಿದ. ಮೇಲೆ ಅಮ್ಮ ತಂದಿಟ್ಟಿದ್ದ ಹೊಸ ರಬ್ಬರ್ ಏರಿಸಿ ಕ್ಲಿಪ್ ಬಿಗಿದ.

ಸುಕೃತಿ ಮೆಲ್ಲಗೆ ಹತ್ತಿರ ಬಂದಳು. “ಹನುಮೇಶಣ್ಣ, ಕೆಳಗೆ ನೋಡದೇನೇ ರಬ್ಬರ್ ಹರಿದಿದೆ ಅಂತ ಹೇಗೆ ಗೊತ್ತಾಯ್ತು?”

“ಚಕ್ರದ ಒಳಗ ನೋಡು ತಂಗಿ.”

ಅವಳು ಗೋಡೆಗೆ ಒರಗಿದ್ದ ಚಕ್ರದ ಹಿಂಬದಿ ನೋಡಿದಳು. ಸುತ್ತಲೂ ಕಪ್ಪು ಗ್ರೀಸ್ ಸಿಡಿದು ಒಣಗಿತ್ತು. ಹೊರಗಿನಿಂದಲೂ ಚಕ್ರದ ಸಂದಿಯಲ್ಲಿ ಕಾಣುತ್ತಿತ್ತು. ದಿನಾ ಅದೇ ಚಕ್ರದ ಪಕ್ಕದಲ್ಲಿ ಕಾರು ಹತ್ತಿ ಇಳಿಯುತ್ತಿದ್ದವಳು ಅವಳು.

ಶಾಫ್ಟು, ಚಕ್ರ ಎಲ್ಲ ಹಾಕಿಯಾದ ಮೇಲೆ ಅಮ್ಮ ಕಾರನ್ನು ಗೇಟಿನಾಚೆ ತೆಗೆದು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಬೀದಿಯಲ್ಲಿ ಒಂದು ಸುತ್ತು ಹಾಕಿದಳು. ಕಟಕಟ ಇಲ್ಲ.

ಮಹಡಿಯಿಂದ ವಸಂತಮ್ಮಜ್ಜಿ, “ಎಲ್ಲಾ ವಾಪಸ್ ಹಾಕಿದ್ನಾ ನೋಡ್ಕೊಂಡ್ಯಾ ವನಜಾ?” ಎಂದಳು. ಅಮ್ಮ ಕೇಳಿಸದವಳಂತೆ ಕಾಫಿ ತರಲು ಒಳಗೆ ಹೋದಳು.

ಹನುಮೇಶಣ್ಣ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡ. ಏಳುವ ಮುಂಚೆ ಚೀಲವನ್ನು ಬಾಯಿ ತೆರೆದಂತೆಯೇ ಸುಕೃತಿಯ ಮುಂದೆ ಇಟ್ಟ. ದಿನಾ ಕಂಪನಿ ಗೇಟಿನಲ್ಲಿ ತಪಾಸಣೆಗೆ ನಿಲ್ಲುವ ಹಾಗೆ ಎರಡೂ ಕೈ ಅಗಲಿಸಿ ನಿಂತ.

“ಚೆಕ್ ಮಾಡ್ತೀಯೇನು ತಂಗಿ?”

ಅವನು ನಗುತ್ತಿದ್ದ. ಸಿಟ್ಟೇನೂ ಇರಲಿಲ್ಲ. ಸುಕೃತಿಗೆ ಮಾತ್ರ ನಗಲು ಆಗಲಿಲ್ಲ. ಬಗ್ಗಿ, ಒಳಗೆ ಇಣುಕದೆ, ಚೀಲದ ಜಿಪ್ಪು ಎಳೆದು ಮುಚ್ಚಿದಳು.

ಚೀಲ ಸಿಕ್ಕಾಪಟ್ಟೆ ಭಾರವಿತ್ತು. ಆದರೂ ಅವನ ಕೈಗೆ ಕೊಡದೆ, ಎರಡೂ ಕೈಯಲ್ಲಿ ಎತ್ತಿಕೊಂಡು ಅವನ ರೂಮಿನ ಮೆಟ್ಟಿಲು ಹತ್ತತೊಡಗಿದಳು.