ಹನ್ನೆರಡು ಸೀಟಿನ ಗಾಡಿ

ಪೂವಮ್ಮ ತನ್ನ ಕೊರಳಿನ ಚಿನ್ನದ ಅವಲಕ್ಕಿ ಸರ ಬಿಚ್ಚಿ ಕಿರಿಸೊಸೆ ಭವಿತಾಳಿಗೆ ಹಾಕಿದ ಹೊತ್ತಿಗೆ ಹಿರಿಸೊಸೆ ಶೀಲಾವತಿ ಅಡುಗೆಮನೆಯಲ್ಲಿ ಅದೇ ಅತ್ತೆಗೆ ಗಂಜಿ ಆರಿಸುತ್ತಿದ್ದಳು. ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದಾಗ ಎತ್ತಿ ಕೂರಿಸಿದ್ದು, ಮೀಯಿಸಿದ್ದು, ಬಟ್ಟೆ ಒಗೆದದ್ದು ಎಲ್ಲ ಅವಳೇ. ನಗು ಕೇಳಿ ಹೊರಗೆ ಬಂದರೆ ಭವಿತಾ ಕನ್ನಡಿಯ ಮುಂದೆ ನಿಂತು ಸರದ ಕಾಳುಗಳನ್ನು ಬೆರಳಿನಿಂದ ಸವರುತ್ತಿದ್ದಳು.

“ನಿನಗೆ ಗಟ್ಟಿ ಕೈಕಾಲು ಉಂಟು ಶೀಲ, ನೀನು ಹೇಗಾದರೂ ಬದುಕ್ತಿ,” ಎಂದರು ಪೂವಮ್ಮ. “ಇವಳಿಗೆ ತವರು ಅಂತ ಎಂತ ಉಂಟು ಹೇಳು?”

ಶೀಲಾವತಿ ಗಂಜಿಯ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು, “ಚಂದ ಕಾಣ್ತದೆ,” ಎಂದಳು. ಅಷ್ಟು ಹೇಳಲು ಅವಳು ನುಂಗಿಕೊಂಡದ್ದು ಯಾರಿಗೂ ಕಾಣಲಿಲ್ಲ.

ಸೊಂಟ ಸರಿಯಾದ ಮೇಲೆ ಅತ್ತೆ ಕಿರಿಮಗ ಉದಯನ ಮನೆಗೆ ಹೋಗಿ ಕೂತರು. ಕೆದಂಬಾಡಿಯಲ್ಲಿ ಅಣ್ಣತಮ್ಮಂದಿರ ಮನೆಗಳ ನಡುವೆ ಒಂದು ಬಾವಿ, ಒಂದು ಬಟ್ಟೆ ಒಗೆಯುವ ಕಲ್ಲು, ಅಷ್ಟೇ ದೂರ. ಬಟ್ಟೆ ಹಿಂಡುವಾಗ ಭವಿತಾಳ ಕೊರಳಿನ ಸರ ಬಿಸಿಲಿಗೆ ಹೊಳೆಯುತ್ತಿತ್ತು. ಶೀಲಾವತಿ ಅದನ್ನೂ ಸಹಿಸಿದಳು. ಮಗಳು ಸುರಕ್ಷಾಳ ಮದುವೆ ನಿಶ್ಚಯವಾದ ವಾರ ಭವಿತಾ ಆಡಿದ ಮಾತನ್ನು ಮಾತ್ರ ಸಹಿಸಲಿಲ್ಲ.

“ಮದುವೆಗೆ ನಾನು ಇದನ್ನೇ ಹಾಕುದು ಅಕ್ಕ. ಸುರಕ್ಷಾಳಿಗೆ ಆಸೆ ಇದ್ರೆ ಧಾರೆಯ ಹೊತ್ತಿಗೆ ಸ್ವಲ್ಪ ಕೊಡ್ತೇನೆ. ಆಮೇಲೆ ವಾಪಸ್ ಕೊಟ್ರೆ ಆಯ್ತು.”

“ಬೇಡ ಮಾರಾಯ್ತಿ,” ಎಂದಳು ಶೀಲಾವತಿ. “ಕೊಟ್ಟ ಮೇಲೆ ನಿನಗೆ ನಿದ್ರೆ ಬರ್ಲಿಕ್ಕಿಲ್ಲ.”

ಭವಿತಾ ಅದನ್ನು ತಮಾಷೆ ಎಂದುಕೊಂಡು ನಕ್ಕಳು. ಶೀಲಾವತಿಯೂ ನಕ್ಕಳು. ಆ ನಗು ಮುಗಿಯುವುದರೊಳಗೆ ಸರ ಭವಿತಾಳ ಕೊರಳಲ್ಲಿ ಉಳಿಯುವುದಿಲ್ಲ ಎಂದು ತೀರ್ಮಾನವಾಗಿತ್ತು. ಕದಿಯುವುದು ಸುಲಭ, ಒಗೆಯುವ ಕಲ್ಲಿನ ಆಚೆಗೆ ನಾಲ್ಕು ಹೆಜ್ಜೆ. ಆದರೆ ಕಳವಾದ ಮರುಗಳಿಗೆಯಲ್ಲಿ ಎಲ್ಲರ ಕಣ್ಣು ಅದೇ ಕಲ್ಲಿನ ಈಚೆಗೆ ತಿರುಗುತ್ತದೆ. ಆದ್ದರಿಂದ ಕಳವಾಗುವಾಗ ತಾನು ಇಲ್ಲಿ ಇರಬಾರದು. ತಾನು ಮಾತ್ರ ಇಲ್ಲದಿದ್ದರೆ ಅದೂ ಅನುಮಾನ. ಯಾರೂ ಇರಬಾರದು.

ಹೀಗೆ ಶೀಲಾವತಿ ಟೂರು ಹುಡುಕಲು ಕೂತಳು.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೊಬೈಲು ಹಿಡಿದು ಒಂದೊಂದನ್ನೇ ಅಳೆದಳು. ಸುಬ್ರಹ್ಮಣ್ಯ, ಧರ್ಮಸ್ಥಳ ಸುತ್ತಿ ಸಂಜೆಗೆ ಮನೆಗೆ ಬರುವಂಥದ್ದು ಬೇಡ, ಕಳ್ಳನಿಗೂ ಸ್ವಲ್ಪ ಸಮಯ ಬೇಕು. ಕಾಶಿಗೆ ಹೋಗುವ ದೊಡ್ಡ ಬಸ್ಸಿನಲ್ಲಿ ಐವತ್ತು ಜನ. ಯಾರು ಎಲ್ಲಿ ಇಳಿದರು ಎಂದು ಯಾರಿಗೂ ನೆನಪಿರದು. ಅವಳಿಗೆ ಬೇಕಾದದ್ದು ನೆನಪಿಡುವ ಜನ. ಮೊದಲ ಚಹಾದೊಳಗೆ ಒಬ್ಬರಿಗೊಬ್ಬರ ಊರು, ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲ ಗೊತ್ತಾಗುವಂಥ ಸಣ್ಣ ಗುಂಪು. ನಾಳೆ ಪೊಲೀಸರು ಕೇಳಿದರೆ, ‘ಅವರಾ? ನಮ್ಮ ಜೊತೆಗೇ ಇದ್ದರಲ್ಲ’ ಎಂದು ಒಂದೇ ಬಾಯಲ್ಲಿ ಹೇಳಬೇಕು.

ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮಾಳಿಗೆಯಲ್ಲಿ ಆಫೀಸು ಇಟ್ಟುಕೊಂಡಿದ್ದ ದಿಶಾಂತ್ ಅಂಥ ಟೂರು ಮಾಡುತ್ತಿದ್ದ. ಅವಳೇ ಹೋಗಿ ಕೂತಳು.

“ಹನ್ನೆರಡು ಸೀಟಿನ ಗಾಡಿ ಅಕ್ಕ, ಅದರ ಮೇಲೆ ಒಬ್ಬರನ್ನೂ ಹತ್ತಿಸುದಿಲ್ಲ,” ಎಂದ ದಿಶಾಂತ್. “ಹಿರಿಯರು ಇದ್ರೆ ಕೇರಳದ ಕಡೆ ಒಳ್ಳೇದು. ರಸ್ತೆ ಸಪಾಟು ಉಂಟು, ದೋಣಿಯಲ್ಲಿ ಕೂತ್ರೆ ಆಯ್ತು. ಮಡಿಕೇರಿ, ಮೈಸೂರು, ಊಟಿಯದ್ದೂ ಉಂಟು. ಆದ್ರೆ ಎಲ್ಲ ಘಾಟಿ. ಕೆಲವರಿಗೆ ವಾಂತಿ ಬರ್ತದೆ.”

ಭವಿತಾಳಿಗೆ ಬರುತ್ತದೆ. ಬಿಸಿಲೆ ಘಾಟಿಯಲ್ಲಿ ಒಮ್ಮೆ ಅವಳು ಎದುರಿನ ಸೀಟಿಗೆ ಹಣೆ ಒತ್ತಿ ಕೂತವಳು ಊರು ಬರುವ ತನಕ ತಲೆ ಎತ್ತಿರಲಿಲ್ಲ, ಗಂಡನ ಹೆಸರು ಕೇಳಿದರೂ ಹೇಳುವಂತಿರಲಿಲ್ಲ. ಶೀಲಾವತಿಗೆ ಅದು ಇವತ್ತಿನ ತನಕ ಅರ್ಥವಾಗದ ಸಂಗತಿ. ಅವಳು ಲಾರಿಯ ಹಿಂದೆ ಕೂತು ಘಾಟಿ ಹತ್ತಿದವಳು, ಇಳಿದ ಕೂಡಲೇ ಮೀನು ಸಾರಿನಲ್ಲಿ ಊಟ ಮಾಡಿದವಳು.

“ಘಾಟಿಯೇ ಇರ್ಲಿ,” ಎಂದಳು. “ಅತ್ತೆಗೆ ಮೈಸೂರು ಅರಮನೆ ನೋಡ್ಬೇಕು ಅಂತ ಆಸೆ.”

ಮೈಸೂರಿನಲ್ಲಿ ಎರಡನೆಯ ದಿನ ಮಧ್ಯಾಹ್ನದ ಮೇಲೆ ಖರೀದಿಗೆ ಬಿಡುವು ಇತ್ತು. ಅಲ್ಲಿ ಅವಳ ತಂಗಿ ದಮಯಂತಿಯ ಮನೆ, ಮನೆಯ ಹಿಂದಿನ ಬೀದಿಯಲ್ಲಿ ಚಿನ್ನ ಕರಗಿಸುವ ಅಂಗಡಿ. ಅಲ್ಲಿ ಕರಗಿದ್ದು ಸುರಕ್ಷಾಳ ಕೈಗೆ ಬಳೆಯಾಗಿ ಬರುತ್ತದೆ. ಅವಲಕ್ಕಿ ಸರವನ್ನು ಊರೆಲ್ಲ ಗುರುತಿಸಬಹುದು, ಬಳೆಯನ್ನು ಯಾರು ಗುರುತಿಸುತ್ತಾರೆ?

ಸೀಟನ್ನೂ ಅವಳೇ ಆರಿಸಿದಳು. ತನಗೆ ಡ್ರೈವರನ ಪಕ್ಕದ್ದು. ಭವಿತಾಳಿಗೆ ಕೊನೆಯ ಸಾಲು, ಹೆಚ್ಚು ಕುಲುಕುವುದು ಅಲ್ಲಿ. ಎದ್ದು ಹೊರಡುವಾಗ ನೆನಪಾದವಳಂತೆ ನಿಂತಳು.

“ಚಿನ್ನ ಹಾಕಿಕೊಂಡು ಬರ್ಬಾರ್ದು ಅಂತ ಗ್ರೂಪಿಗೆ ಒಂದು ಮೆಸೇಜು ಹಾಕಿ. ಶನಿವಾರ ಸಂಜೆ ಹಾಕಿದ್ರೆ ಸಾಕು. ಮೊದ್ಲೇ ಹಾಕಿದ್ರೆ ನಮ್ಮ ಹೆಂಗಸರು ಮರ್ತುಬಿಡ್ತಾರೆ.”

“ನಿಮ್ಮ ಹಾಗೆ ಯೋಚನೆ ಮಾಡುವವರು ಎಲ್ಲಾ ಗುಂಪಿನಲ್ಲಿ ಒಬ್ಬರು ಇರ್ಬೇಕು ಅಕ್ಕ,” ಎಂದ ದಿಶಾಂತ್, ಮನಸಾರೆ.

ಟೂರಿನ ಸುದ್ದಿ ಕೇಳಿ ಗಂಡ ಮೇದಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಭವಿತಾಳನ್ನೂ ಕರ್ದಿಯಾ? ನೀನಾ?”

“ಮದುವೆಯ ಮೊದ್ಲು ಮನೆಯೊಳಗೆ ಕಹಿ ಬೇಡ ಅಂತ ಕಂಡಿತು.”

ಪೂವಮ್ಮ ಕಣ್ಣೊರೆಸಿಕೊಂಡರು. ಶೀಲಾವತಿ ಅದನ್ನು ಗಮನಿಸಿದಳು. ಇಷ್ಟು ವರ್ಷ ಬಟ್ಟೆ ಒಗೆದಾಗ ಬಾರದ ಕಣ್ಣೀರು ಇದು.

ಶನಿವಾರ ಸಂಜೆ ಮೆಸೇಜು ಬಂತು. ಬ್ಯಾಂಕು ಮುಚ್ಚಿಯಾಗಿತ್ತು, ಮರುದಿನ ಭಾನುವಾರ. ಭವಿತಾ ಮೊಬೈಲು ಹಿಡಿದುಕೊಂಡೇ ಓಡಿ ಬಂದಳು.

“ಅಕ್ಕ, ಸರ ಎಲ್ಲಿ ಇಡುದು? ನಿಮ್ಮ ಕಪಾಟಿನಲ್ಲಿ ಇಡ್ಲಾ?”

“ನನ್ನ ಹತ್ರ ಬೇಡ. ಎಲ್ಲಿ ಇಟ್ಟೆ ಅಂತ ಹೇಳುದೂ ಬೇಡ. ಚಿನ್ನ ಇಟ್ಟ ಜಾಗ ಗಂಡನಿಗೂ ಹೇಳ್ಬಾರ್ದು.”

ಹೇಳುವ ಅಗತ್ಯವೂ ಇರಲಿಲ್ಲ. ಭವಿತಾಳಿಗೆ ಅಡಗಿಸಲು ಗೊತ್ತಿದ್ದ ಜಾಗ ಒಂದೇ, ಕುಚ್ಚಲಕ್ಕಿಯ ಡಬ್ಬಿಯ ತಳ.

ಸರ ಮೈಸೂರು ಮುಟ್ಟುವ ತನಕ ಎಲ್ಲಿರಬೇಕು ಎಂಬುದನ್ನು ಶೀಲಾವತಿ ಬಹಳ ಯೋಚಿಸಿದ್ದಳು. ಬಟ್ಟೆಯ ಚೀಲ ಬೇಡ, ಲಾಡ್ಜಿನಲ್ಲಿ ಯಾರಾದರೂ ಟವೆಲು ಕೇಳಿಯಾರು. ತಿಂಡಿಯ ಡಬ್ಬಿ ಬೇಡ, ಸಣ್ಣ ಗುಂಪಿನಲ್ಲಿ ಚಕ್ಕುಲಿ ಸೀಟಿನಿಂದ ಸೀಟಿಗೆ ಹೋಗುತ್ತದೆ. ಯಾರೂ ಕೇಳದ, ಯಾರೂ ತಿನ್ನದ, ನೋಡಿದರೂ ಎರಡನೆಯ ಸಲ ನೋಡದ ವಸ್ತು ಬೇಕು. ಉತ್ತರ ಅವಳ ಅಡುಗೆಮನೆಯ ಅಟ್ಟದಲ್ಲೇ ಇತ್ತು. ಬೀಜ ತೆಗೆದು, ಉಪ್ಪು ಹಾಕಿ, ಬಿಸಿಲಿಗಿಟ್ಟು, ಬಿಗಿಯಾಗಿ ಕಟ್ಟಿದ ಹುಣಸೆ ಹುಳಿಯ ಉಂಡೆ. ತೆಂಗಿನಕಾಯಿಯಷ್ಟು ದೊಡ್ಡದು, ಹಳತಾಗಿ ಕಪ್ಪಗಾದದ್ದು. ಪೇಟೆಯಲ್ಲಿರುವ ತಂಗಿಗೆ ಊರಿನ ಹುಳಿ ಕೊಂಡುಹೋಗುವುದು ಹೊಸತಲ್ಲ. ಉಂಡೆಯನ್ನು ಎರಡು ಹೋಳು ಮಾಡಿ ನಡುವೆ ಗುಳಿ ತೋಡಿ ಇಟ್ಟಳು.

ಭಾನುವಾರ ಬೆಳಿಗ್ಗೆ ಕುಂಬ್ರ ಜಂಕ್ಷನ್ನಿಗೆ ಹೋಗಲು ರಿಕ್ಷಾ ಬಂದು ನಿಂತಿತು. ಗಂಡಸರೂ ಸುರಕ್ಷಾಳೂ ಚೀಲ ಏರಿಸುತ್ತಿದ್ದರು. ಭವಿತಾ ಬೀಗ ಹಿಡಿದು ಬಾಗಿಲಲ್ಲಿದ್ದಳು.

“ಗ್ಯಾಸ್ ಬಂದ್ ಮಾಡಿದ್ದಿಯಾ?” ಎಂದಳು ಶೀಲಾವತಿ.

ಭವಿತಾಳ ಮುಖ ಬಿಳಿಚಿತು.

“ನೀನು ಅತ್ತೆಯನ್ನು ಹತ್ತಿಸು. ನಾನು ನೋಡಿ ಬರ್ತೇನೆ.”

ಅಕ್ಕಿಯ ತಳದಲ್ಲಿ ಸರ ತಣ್ಣಗೆ ಮಲಗಿತ್ತು. ಶೀಲಾವತಿ ಅದನ್ನು ರವಿಕೆಯೊಳಗೆ ಇಟ್ಟು, ಡಬ್ಬಿಯನ್ನು ನೆಲಕ್ಕೆ ಅಡ್ಡ ಮಲಗಿಸಿ ಅಕ್ಕಿ ಚೆಲ್ಲಿದಳು. ಹಿಂಬಾಗಿಲ ಚಿಲಕ ಜಾರಿಸಿ ಬಾಗಿಲನ್ನು ಸುಮ್ಮನೆ ಒತ್ತಿ ಇಟ್ಟಳು. ಇನ್ನೊಂದು ಕೆಲಸ ಉಳಿದಿತ್ತು. ಭವಿತಾ ದಾರಿಯಲ್ಲಿ ನಿಂತಲ್ಲೆಲ್ಲ ನೆರೆಮನೆಯ ಕುಂಞಿಪಾತುಮ್ಮನಿಗೆ ಫೋನು ಮಾಡಿ, ‘ಒಮ್ಮೆ ನಮ್ಮ ಹಿಂಬಾಗಿಲು ನೋಡಿ ಮಾರಾಯ್ರೆ’ ಎನ್ನುವವಳು. ಮೈಸೂರಿಗೆ ಮುಟ್ಟುವ ಮೊದಲೇ ಸುದ್ದಿ ಬಂದರೆ ಗಾಡಿ ತಿರುಗುತ್ತದೆ. ತಲೆ ಎತ್ತಲಾಗದವಳು ಫೋನು ಮಾಡುವುದಿಲ್ಲ. ಮೇಜಿನ ಮೇಲಿದ್ದ ಭವಿತಾಳ ಕೈಚೀಲದ ಹೊರಜೇಬಿನಿಂದ ವಾಂತಿಯ ಮಾತ್ರೆಯ ಹಾಳೆಯನ್ನು ಎಳೆದು, ಕೈಚೀಲವನ್ನು ತಾನೇ ತಂದುಕೊಟ್ಟಳು.

“ನೋಡು, ಇದನ್ನೂ ಬಿಟ್ಟು ಹೊರಟದ್ದು.”

“ನೀವಿಲ್ಲದಿದ್ರೆ ನಾನು ಎಂತ ಮಾಡ್ತಿದ್ದೆ ಅಕ್ಕ,” ಎಂದಳು ಭವಿತಾ.

ತನ್ನ ಮನೆಗೆ ನೀರಿನ ಬಾಟಲಿ ತರುವ ನೆಪದಲ್ಲಿ ಹೋಗಿ, ಹುಳಿಯ ಎರಡು ಹೋಳುಗಳನ್ನು ಸರದ ಮೇಲೆ ಒತ್ತಿ, ನೀರು ಮುಟ್ಟಿಸಿ ಸವರಿದಳು. ಕೂಡಿಸಿದ ಗೆರೆ ಕೂಡ ಕಾಣದ ಉಂಡೆಯನ್ನು ಡಬ್ಬಿಗೆ ಹಾಕಿದಳು. ಮಾತ್ರೆ ಬಚ್ಚಲಿನ ಒಲೆಗೆ ಬಿತ್ತು.

ಗಾಡಿಯಲ್ಲಿ ಆಗಲೇ ಟೂರಿನ ದಿಶಾಂತ್, ಕಡಬದ ನರ್ಸ್ ನಶೀದಾ, ನೆಲ್ಯಾಡಿಯ ಮೇಷ್ಟ್ರು ದಂಪತಿ, ಇನ್ನೂ ಕೆಲವರು ಇದ್ದರು. ಪೂವಮ್ಮ ಹಟ ಹಿಡಿದು ಕೊನೆಯ ಸಾಲಿನಲ್ಲಿ ಭವಿತಾಳ ಪಕ್ಕವೇ ಕೂತರು. ಶೀಲಾವತಿ ಹುಳಿಯ ಡಬ್ಬಿಯನ್ನು ಕೊಂಡುಹೋಗಿ ಅತ್ತೆಯ ಕಾಲ ಬುಡದಲ್ಲಿ ಇಟ್ಟಳು. ಹಿರಿಯರ ಕಾಲ ಬುಡಕ್ಕೆ ಯಾರೂ ಕೈ ಹಾಕುವುದಿಲ್ಲ.

“ಎಂತ ಅದು?” ಎಂದರು ಪೂವಮ್ಮ.

“ದಮಯಂತಿಗೆ ಹುಳಿ ಅತ್ತೆ. ನೀವೇ ನೋಡಿಕೊಳ್ಳಿ.”

ಜಾಲ್ಸೂರು ದಾಟುವಾಗ ಎಲ್ಲರಿಗೂ ಎಲ್ಲರ ಹೆಸರು ಗೊತ್ತಾಗಿತ್ತು. ಸುಳ್ಯದಲ್ಲಿ ಚಹಾ ಕುಡಿಯುವಾಗ ಶೀಲಾವತಿ ನಶೀದಾಳ ಜೊತೆ ಫೋಟೋ ತೆಗೆಸಿಕೊಂಡಳು, ಮೇಷ್ಟ್ರಿಗೆ ತನ್ನ ಮಗಳ ಮದುವೆಯ ವಿಷಯ ಹೇಳಿದಳು. ಸಾಕ್ಷಿಗಳು ಒಬ್ಬೊಬ್ಬರೇ ತಯಾರಾಗುತ್ತಿದ್ದರು. ಸಂಪಾಜೆ ಕಳೆದು ರಸ್ತೆ ಸುತ್ತಲು ಶುರುವಾಯಿತು. ಮೂರನೆಯ ತಿರುವಿಗೆ ಹಿಂದಿನಿಂದ ನರಳುವ ಸ್ವರ ಬಂತು.

“ಮಾತ್ರೆ ಇಲ್ಲೇ ಇಟ್ಟದ್ದು,” ಎನ್ನುತ್ತಿದ್ದಳು ಭವಿತಾ. “ಇಲ್ಲೇ ಇತ್ತು.”

ನಶೀದಾ ತನ್ನ ಚೀಲ ಹುಡುಕಿ ಇಲ್ಲವೆಂದು ಕೈ ಅಲ್ಲಾಡಿಸಿದಳು. “ಮೆಡಿಕಲ್ ಇನ್ನು ಮಡಿಕೇರಿಯಲ್ಲೇ,” ಎಂದ ದಿಶಾಂತ್. ಡ್ರೈವರನ ಕನ್ನಡಿಯಲ್ಲಿ ಶೀಲಾವತಿಗೆ ಓರಗಿತ್ತಿಯ ಹಸಿರುಗಟ್ಟಿದ ಮುಖ ಕಂಡಿತು, ಮಡಿಲಲ್ಲಿ ಮುಟ್ಟದೆ ಬಿದ್ದಿದ್ದ ಫೋನೂ ಕಂಡಿತು. ಎಲ್ಲ ಲೆಕ್ಕ ಹಾಕಿದಂತೆಯೇ ಇತ್ತು. ಅವಳು ಸೀಟಿಗೆ ಒರಗಿದಳು.

“ಮಾತ್ರೆ ಎಂತಕ್ಕೆ ಮಾರಾಯ್ರೆ,” ಎಂದ ಪೂವಮ್ಮನ ಸ್ವರ ಹಿಂದಿನಿಂದ ನಿಧಾನಕ್ಕೆ ಬಂತು. “ನಾವು ಈ ಘಾಟಿ ಹತ್ತುವಾಗ ಮಾತ್ರೆ ಎಲ್ಲಿತ್ತು? ಒಂದು ಚೂರು ಹುಳಿ ಬಾಯಲ್ಲಿ ಇಟ್ಟುಕೊಂಡು ಹತ್ತಿದ್ದು. ನಶೀದಾ, ನನ್ನ ಕಾಲ ಬುಡದಲ್ಲಿ ಶೀಲನ ಡಬ್ಬಿ ಉಂಟು, ತೆಗಿ ಮಗಾ.” ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ಸೆರಗಿನ ತುದಿಯಲ್ಲಿ ಹುಳಿ ಕಟ್ಟಿಕೊಂಡು ಹೊರಡುವುದು ಆ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯ. ಶೀಲಾವತಿಯ ತಾಯಿಯೂ ಕಟ್ಟಿಕೊಳ್ಳುತ್ತಿದ್ದಳು. ಆದರೆ ಹುಟ್ಟಿದಲ್ಲಿಂದ ಒಮ್ಮೆಯೂ ಹೊಟ್ಟೆ ತೊಳಸದ ಶೀಲಾವತಿಗೆ ಅದನ್ನು ನೆನಪಿಡುವ ಕಾರಣ ಬಂದಿರಲಿಲ್ಲ. “ಅದು ದಮಯಂತಿಗೆ ಅತ್ತೆ,” ಎಂದು ಅವಳು ಎದ್ದಳು. ಗಾಡಿ ತಿರುವಿಗೆ ವಾಲಿ ಅವಳನ್ನು ಮತ್ತೆ ಸೀಟಿಗೆ ಕೆಡವಿತು. “ಒಂದು ಚೂರು ತೆಗ್ದ್ರೆ ದಮಯಂತಿಗೆ ಕಮ್ಮಿ ಆಗುದಿಲ್ಲ,” ಎಂದು ಪೂವಮ್ಮ ಉಂಡೆಗೆ ಹೆಬ್ಬೆರಳು ಒತ್ತಿದರು. ಉಂಡೆ ಕೂಡಿಸಿದಲ್ಲೇ ಬಿಟ್ಟುಕೊಂಡಿತು. ಮಗ್ಗುಲಲ್ಲಿ ಭವಿತಾ ಕಣ್ಣು ಮುಚ್ಚಿ ಮಗುವಿನ ಹಾಗೆ ಬಾಯಿ ತೆರೆದು ಕಾಯುತ್ತಿದ್ದಳು, ಪೂವಮ್ಮನ ಕೈ ಮಾತ್ರ ಮೇಲೇಳಲಿಲ್ಲ. ಅಂಗೈಯ ಕಪ್ಪು ಹುಳಿಯ ನಡುವೆ, ಮದುವೆಯಾದ ದಿನದಿಂದ ತನ್ನ ಕೊರಳಲ್ಲೇ ಸವೆದ ಚಿನ್ನದ ಕಾಳುಗಳು, ಹುಳಿಗೆ ತೊಳೆದು ಹೊಸತರಂತೆ ಹೊಳೆಯುತ್ತಿದ್ದವು.